ಅಜ್ಜಿಯ ಹೆಬ್ಬೆರಳಿಗೆ ಗೊತ್ತಿದ್ದ ತೂಕ

ಇವತ್ತು ಪುತ್ತೂರಿನ ಆಸ್ಪತ್ರೆಯಲ್ಲಿ ಅಮ್ಮನ ಗಾಲಿಕುರ್ಚಿಯನ್ನು ಎಂದಿನಂತೆಯೇ ತಳ್ಳಿದೆ. ಅದು ಎಂದಿಗಿಂತ ಬೇಗ ಮುಂದಕ್ಕೆ ಹೋಯಿತು. ಕೂಡಲೇ ಅಜ್ಜಿಯ ಕಾಲಿನ ಹೆಬ್ಬೆರಳು ನೆನಪಾಯಿತು.

ಕಾಣಿಯೂರಿನ ಮನೆಯಲ್ಲಿ ತಮ್ಮನಿಗೆ ಹಳೆ ಸೀರೆಯ ತೊಟ್ಟಿಲು ಕಟ್ಟಿದ್ದರು. ಅದರ ಹಗ್ಗವನ್ನು ಹೆಬ್ಬೆರಳಿಗೆ ಸುತ್ತಿಕೊಂಡು ಅಜ್ಜಿ ಕಾಲಿನಿಂದಲೇ ತೂಗುತ್ತಿದ್ದಳು. ಕೈಗಳು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದವು. ಅವಳಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಆ ಕಾಲು ಥಟ್ಟನೆ ನಿಂತಿತು.

“ತೊಟ್ಟಿಲು ಹಾರ್ತಾ ಉಂಟು. ಮಗು ಸಪೂರ ಆಗಿದೆ, ತೂಕ ಇಳಿದಿದೆ ಮಾರಾಯ್ತಿ,” ಎಂದಳು ಅಮ್ಮನಿಗೆ.

“ಎಂತ ಅತ್ತೆ ನೀವು! ಹಾಲು ಕುಡೀತಾ ಉಂಟಲ್ಲ?” ಅಮ್ಮ ರೇಗಿದಳು.

“ನಾನು ಎಳೆಯುದು ಮೊದ್ಲಿನಷ್ಟೇ, ಅದು ಹೋಗುದು ಹೆಚ್ಚು. ಡಾಕ್ಟ್ರಿಗೆ ತೋರಿಸು.”

ಮರುದಿನ ಡಾಕ್ಟರು ತಮ್ಮನನ್ನು ತೂಗಿ ನೋಡಿ, “ಇನ್ನು ತಡ ಮಾಡಿದ್ರೆ ಕಷ್ಟ ಇತ್ತು,” ಎಂದರು. ತಮ್ಮ ಉಳಿದ. ಅಂದಿನಿಂದ ದಿನಾ ಸಂಜೆ ಅಮ್ಮ ಕೇಳುತ್ತಿದ್ದಳು, “ಅತ್ತೆ, ಹೇಗುಂಟು ತೊಟ್ಟಿಲು?” ಅಜ್ಜಿ “ಭಾರ ಉಂಟು” ಎಂದರೆ ಸಾಕು, ಅಮ್ಮನ ಮುಖ ಅರಳುತ್ತಿತ್ತು.

ಮುಂದೆ ಹೈಸ್ಕೂಲಿನಲ್ಲಿ ಮಾಷ್ಟ್ರು ಬೋರ್ಡಿನ ಮೇಲೆ ಬರೆದರು: ಬಲ ಎಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಬಲ ಅಷ್ಟೇ ಇದ್ದು ದ್ರವ್ಯರಾಶಿ ಕಡಿಮೆಯಾದರೆ ವೇಗೋತ್ಕರ್ಷ ಹೆಚ್ಚುತ್ತದೆ ಎಂದು ವಿವರಿಸಿದರು. ಇಡೀ ಕ್ಲಾಸಿನಲ್ಲಿ ನನಗೊಬ್ಬಳಿಗೇ ಅದು ಹಳೆಯ ಸಂಗತಿ.

ಇವತ್ತು ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಅಮ್ಮ ಹಿಂದಕ್ಕೆ ತಿರುಗದೆಯೇ ಕೇಳಿದಳು, “ಹೇಗುಂಟು ಮಗಾ, ಕುರ್ಚಿ?”

“ಭಾರ ಉಂಟಮ್ಮ,” ಎಂದೆ. ಅವಳಿಗೆ ತಿಳಿಯದಂತೆ, ತಳ್ಳುವ ಬಲವನ್ನು ಸ್ವಲ್ಪ ಕಡಿಮೆ ಮಾಡಿದೆ.