ಪುಸ್ತಕ ಬಿಡುಗಡೆಯ ದಿನದ ಉಡಿ

ನನ್ನ ಮೊದಲ ಕಥಾಸಂಕಲನ ಬಿಡುಗಡೆಯಾದದ್ದು ನಾಂಪಲ್ಲಿಯ ಒಂದು ಸಭಾಂಗಣದಲ್ಲಿ, ಹೈದರಾಬಾದಿನಲ್ಲಿ ಸಾಫ್ಟ್‌ವೇರಿನ ಸುಗ್ಗಿ ಜೋರಾಗಿದ್ದ ಕಾಲದಲ್ಲಿ. ಅದಕ್ಕೂ ಮೊದಲು ನಮ್ಮ ಕನ್ನಡ ಸಂಘವೆಂದರೆ ಕಾರ್ಖಾನೆ ಕ್ವಾರ್ಟರ್ಸಿನ ಒಂದಿಷ್ಟು ಸಂಸಾರಗಳು, ಒಂದು ಹಾರ್ಮೋನಿಯಂ, ಒಂದು ಜಮಖಾನೆ. ಆಮೇಲೆ ಕೊರಳಲ್ಲಿ ಐಡಿ ಕಾರ್ಡ್ ತೂಗಿಸಿಕೊಂಡ ಹುಡುಗ ಹುಡುಗಿಯರು ಬಂದು ಸೇರಿದರು. ದೇಣಿಗೆ ಬಂತು, ಒಳ್ಳೆಯ ಮೈಕು ಬಂತು, ನಮ್ಮವರ ಪುಸ್ತಕ ತರೋಣ ಅನ್ನುವ ಉಮೇದೂ ಬಂತು. ಕಾಲ ಬದಲಾಯಿತು ಅಂತ ನಾನೂ ನಂಬಿದೆ.

ಗಂಡ ಸತ್ತ ಮೇಲೆ ಅವನ ಕಾರ್ಖಾನೆಯಲ್ಲೇ ನನಗೆ ಅನುಕಂಪದ ನೌಕರಿ ಸಿಕ್ಕಿತ್ತು. ಕಥೆಗಳನ್ನು ಬರೆದದ್ದು ಅಲ್ಲಿನ ಊಟದ ಬಿಡುವಿನಲ್ಲಿ. ಅತ್ತೆಮನೆಯವರು ನಿನಗೆ ತವರಿದೆಯಲ್ಲ ಅಂದಿದ್ದರು, ತವರಿನವರು ನಿನಗೆ ನೌಕರಿ ಇದೆಯಲ್ಲ ಅಂದಿದ್ದರು. ಆ ಎರಡು ಮಾತುಗಳ ನಡುವೆ ಒಂದು ಪುಸ್ತಕಕ್ಕಾಗುವಷ್ಟು ಜಾಗವಿತ್ತು. ಕೊನೆಯ ಕಥೆಯಲ್ಲಿ ವಿಧವೆ ಮಗಳೊಬ್ಬಳು ಮದುವೆಮನೆಯ ಮೂಲೆಯಲ್ಲಿ ನಿಂತಿರುತ್ತಾಳೆ. ತಾಯಿ ಅವಳನ್ನು ಎಲ್ಲರೆದುರು ಕರೆದು ಕೂರಿಸಿ, ಮುತ್ತೈದೆಯರಿಗೆ ತುಂಬುವ ಹಾಗೆಯೇ ಅವಳಿಗೂ ಉಡಿ ತುಂಬುತ್ತಾಳೆ. ಅಂಥ ತಾಯಿಯನ್ನು ನಾನೆಲ್ಲೂ ಕಂಡವಳಲ್ಲ. ನನ್ನವ್ವ ಓದಿಯಾಳು, ಓದಿ ಒಂದು ದಿನ ಹಾಗೆ ಮಾಡಿಯಾಳು ಅನ್ನುವ ಆಸೆಯಿಂದ ಬರೆದದ್ದು.

ಅವ್ವ ಓದಿದಳು. ಗುಲಬರ್ಗಾದಿಂದ ಫೋನ್ ಮಾಡಿ, “ಭಾಳ ಛಲೋ ಬರದೀ ಯವ್ವಾ” ಅಂತ ಅತ್ತಳು. ನಾನೂ ಅತ್ತೆ. ಬಿಡುಗಡೆಗೆ ಬಂದೇ ಬರ್ತೀನಿ ಅಂದಳು, ಮಂಡಿನೋವು ಕಟ್ಟಿಕೊಂಡು ರೈಲು ಹತ್ತಿ ಬಂದೂ ಬಂದಳು.

ಸಭೆಗೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬಿ ಕಳಿಸುವುದು ನಮ್ಮ ಸಂಘದ ಪದ್ಧತಿ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣಬೇರು, ಮೇಲೊಂದು ಕುಪ್ಪಸದ ಖಣ. “ನಿಮಗ ಸುಲ್ತಾನ್ ಬಜಾರ್ ಗೊತ್ತೈತಲ್ರಿ, ಖಣ ನೀವ ತರ್ರಿ” ಅಂತ ಕಾರ್ಯದರ್ಶಿ ಬಾಯಿಯವರು ನನಗೇ ಹೇಳಿದರು. ನಾನೇ ತಂದುಕೊಟ್ಟೆ. ಖಣ ಆರಿಸುವುದಕ್ಕೆ ನನ್ನ ಕೈ ನಡೆಯುತ್ತಿತ್ತು.

ವೇದಿಕೆಯ ಮೇಲೆ ಬೆಂಗಳೂರಿನಿಂದ ಬಂದ ಅತಿಥಿ ಪ್ರಾಧ್ಯಾಪಕಿ, ಪ್ರಾರ್ಥನೆ ಹಾಡಿದ ಸಂಘದ ಅಧ್ಯಕ್ಷರ ಸೊಸೆ, ನಿರೂಪಣೆ ಮಾಡುವ ಸಾಫ್ಟ್‌ವೇರ್ ಹುಡುಗಿ, ಕಡೆಗೆ ನಾನು ಸಾಲಾಗಿ ಕೂತಿದ್ದೆವು. ಕಾರ್ಯದರ್ಶಿ ಬಾಯಿಯವರು ಕೆಳಗೆ ಕೂತಿದ್ದ ಅವ್ವನನ್ನೇ ಕರೆದರು: “ಅಮ್ಮಾರ, ಹಿರೇ ಮುತ್ತೈದೇರು ನೀವು, ನಿಮ್ಮ ಕೈಲೇ ಉಡಿ ತುಂಬ್ರಿ.” ಅವ್ವ ಮೆಟ್ಟಿಲು ಹತ್ತಿ ಬಂದಳು. ಕಥೆಯನ್ನು ನಾನು ಬರೆದಿದ್ದೆ, ಈಗ ಅದು ನಡೆಯುತ್ತದೆ ಅನ್ನಿಸಿತು.

ಅವ್ವ ಮೂವರಿಗೂ ಕುಂಕುಮ ಹಚ್ಚಿ ಉಡಿ ತುಂಬಿ ನನ್ನೆದುರು ಬಂದಳು. ನಾನು ಆಗಲೇ ಸೆರಗು ಹಿಡಿದಿದ್ದೆ. ಅವ್ವ ನನ್ನ ಸೆರಗು ನೋಡಿದಳು, ತಿರುಗಿ ಸಭೆಯನ್ನು ನೋಡಿದಳು. “ಅವರಿಗೆ ಶಾಲು ಐತ್ರಿ ಅಮ್ಮಾರ” ಅಂದರು ಕಾರ್ಯದರ್ಶಿ, ಮೆಲ್ಲಗೆ, ಬಹಳ ಮರ್ಯಾದೆಯಿಂದ. ಅವ್ವ ತಟ್ಟೆ ಹಿಡಿದುಕೊಂಡು ಕೆಳಗಿಳಿದಳು. ನಾನು ಸೆರಗನ್ನು ಹೆಗಲಿಗೆಳೆದುಕೊಂಡೆ. ಅಧ್ಯಕ್ಷರು ಶಾಲು ಹೊದಿಸಿದರು, ಜೋರು ಚಪ್ಪಾಳೆ.

ಆಮೇಲೆ ಪ್ರಾಧ್ಯಾಪಕಿ ತುಂಬಿದ ಉಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. “ಕೊನೆಯ ಕಥೆ ಓದಿ ಅತ್ತುಬಿಟ್ಟೆ. ಎಂಥ ತಾಯಿ!” ಅಂದರು. ಸಭೆಯಲ್ಲಿ ಎಷ್ಟೋ ಜನ ಕಣ್ಣೊರೆಸಿಕೊಂಡರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಅವರ ಮೇಲೆ ನನಗೆ ಅಂಥ ಸಿಟ್ಟೇನೂ ಬರಲಿಲ್ಲ, ಅವರು ನನ್ನ ಯಾರೂ ಅಲ್ಲವಲ್ಲ. ಅವ್ವನ ಮೇಲೆ ಬಂದ ಸಿಟ್ಟು ಮಾತ್ರ ಮೈಯೆಲ್ಲ ಉರಿಸಿತು.

ಮನೆಗೆ ಬಂದವಳೇ ಅವ್ವ ಬಾಗಿಲು ಹಾಕಿ ಚಿಲಕ ಜಡಿದಳು, ಕಿಟಕಿಯ ಪರದೆ ಎಳೆದಳು. ಡಬ್ಬಿಯಿಂದ ಮೊರಕ್ಕೆ ಅಕ್ಕಿ ಹಾಕಿಕೊಂಡು ಬಂದು, “ಬಾ, ಕೂಡು. ಈಗ ಯಾರೂ ಇಲ್ಲ. ಉಡಿ ಒಡ್ಡು” ಅಂದಳು.

“ಬಾಗಿಲಾ ತಗಿ, ಆಮ್ಯಾಲ ತುಂಬು.”

“ಬಾಜೂದಾಕಿ ಹೊರಗ ಅರಿವಿ ಒಣಾ ಹಾಕಾಕತ್ತಾಳ. ನೋಡ್ತಾಳಲ್ಲ.”

“ನೋಡ್ಲಿ ಬೇ ಅವ್ವಾ. ಅದಕ್ಕ ತಗಿ ಅನ್ನಾಕತ್ತೀನಿ.”

ಅವ್ವ ಬಾಗಿಲಿನ ತನಕ ಹೋದದ್ದು ನಿಜ. ಚಿಲಕದ ಮೇಲೆ ಕೈಯನ್ನೂ ಇಟ್ಟಳು. ಎಷ್ಟೋ ಹೊತ್ತು ಹಾಗೇ ನಿಂತಿದ್ದು ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಅಡುಗೆಮನೆಗೆ ಹೋಗಿ ಮೊರದಲ್ಲಿದ್ದ ಅಕ್ಕಿಯನ್ನು ತೊಳೆದು ಅನ್ನಕ್ಕಿಟ್ಟಳು. ನಾನು ಉಂಡೆ.