ನೋವಿಗೇ ಪೆಟ್ಟು ಕೊಡುವ ಸುಚಿತ್ರಾ

ಬ್ಯಾಡಗಿಯಲ್ಲಿ ಬೆಳಗಿನ ಆರು ಇನ್ನೂ ಹೊಡೆದಿಲ್ಲ. ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯ ಒಂದು ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಬೆಂಚಿನ ಮೇಲೆ ಅಂಗಿ ಕಳಚಿ ಕುಳಿತಿರುವವರು ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲ ಶಮಶೇರಸಾಬ. ಅವರ ಬಲಭುಜಕ್ಕೆ ಜೆಲ್ ಸವರಿ, ಪಿಸ್ತೂಲಿನಂಥ ಹಿಡಿಕೆಯೊಂದನ್ನು ಒತ್ತಿ ಹಿಡಿದಿದ್ದಾರೆ ಫಿಸಿಯೋಥೆರಪಿಸ್ಟ್ ಸುಚಿತ್ರಾ. ಟಕಟಕ ಸದ್ದು ಓಣಿಯ ತುದಿಗೂ ಕೇಳುತ್ತದೆ.

"ಚಾಚಾ, ನೋವು ಹತ್ತರಾಗ ಎಷ್ಟೈತಿ?"

"ಆರು ಇರಬೇಕು ಯವ್ವಾ."

"ಹಂಗಾರ ಜೋರು ಕಡಿಮಿ ಮಾಡತೇನಿ. ತಡ್ಕೊಂಡು ಕುಂದ್ರಬ್ಯಾಡ್ರಿ, ಹೇಳ್ರಿ."

ಐದಾರು ನಿಮಿಷದಲ್ಲಿ ಎರಡು ಸಾವಿರ ಪೆಟ್ಟು ಮುಗಿಯುತ್ತದೆ. "ಕೈ ಎತ್ರಿ," ಎನ್ನುತ್ತಾರೆ ಸುಚಿತ್ರಾ. ತಿಂಗಳ ಹಿಂದೆ ಎದೆಯ ಮಟ್ಟಕ್ಕೇ ನಿಲ್ಲುತ್ತಿದ್ದ ಕೈ ಇವತ್ತು ಕಿವಿ ದಾಟಿ ಮೇಲೆ ಹೋಗುತ್ತದೆ. ಶಮಶೇರಸಾಬ ತಮ್ಮದೇ ಕೈಯನ್ನು ಬೇರೆಯವರದ್ದೆಂಬಂತೆ ನೋಡಿ ನಗುತ್ತಾರೆ. "ಎರಡ ತಿಂಗಳು ನಮ್ಮಾಕಿನ ನನಗ ಅಂಗಿ ತೊಡಸ್ತಿದ್ಲು. ಇವತ್ತ ನಾನ ಹಾಕ್ಕೊಂಡೆ. ಆಕಿ ಬಾಗಲದಾಗ ನಿಂತು ನೋಡಾಕತ್ತಿದ್ಲು."

ಆದರೂ ಚೀಲ ಎತ್ತಲು ಇನ್ನೂ ಮೂರು ವಾರ ಅಪ್ಪಣೆಯಿಲ್ಲ. ಅಲ್ಲಿಯವರೆಗೆ ಅವರನ್ನು ತೂಕದ ಕಟ್ಟೆಯ ಕೆಲಸಕ್ಕೆ ಹಾಕುವಂತೆ ಹಮಾಲರ ಮೇಸ್ತ್ರಿಗೆ ಸುಚಿತ್ರಾ ಹಿಂದಿನ ದಿನವೇ ಹೇಳಿ ಬಂದಿದ್ದಾರೆ.

ಇದನ್ನು ಶಾಕ್‌ವೇವ್ ಚಿಕಿತ್ಸೆ ಎನ್ನುತ್ತಾರೆ. ಹೆಸರು ಕೇಳಿಯೇ ಅರ್ಧ ಜನ ಹಿಂದೆ ಸರಿಯುತ್ತಾರೆ. "ಶಾಕ್ ಅಂದ್ರ ಕರೆಂಟ್ ಅಂತ ತಿಳ್ಕೋತಾರ್ರಿ. ಇದು ಗಾಳಿ ಒತ್ತಡದ ಪೆಟ್ಟು. ಹಳೇ ನೋವು ಅಂದ್ರ ಶರೀರ ಆ ಜಾಗಾನ ಮರತು ಬಿಟ್ಟಿರತೈತಿ. ಬಾಗಲಾ ಬಡದು ಎಬ್ಬಸಿದಂಗ, ಅಷ್ಟ," ಎಂದು ಸುಚಿತ್ರಾ ಎಲ್ಲರಿಗೂ ಬಿಡಿಸಿ ಹೇಳುತ್ತಾರೆ. ವಾರಕ್ಕೊಮ್ಮೆ, ನಾಲ್ಕೈದು ವಾರ. ಜೊತೆಗೆ ಮನೆಯಲ್ಲಿ ವ್ಯಾಯಾಮ. "ಹತ್ತು ಮಂದ್ಯಾಗ ಇಬ್ರು ಮೂವರಿಗೆ ಗುಣಾ ಕಾಣಂಗಿಲ್ಲ. ಅವರಿಗೆ ಸುಳ್ಳ ಹೇಳಬಾರ್ದು."

ಮೋಟೆಬೆನ್ನೂರಿನಲ್ಲಿ ಅವರ ಮನೆ. ನಸುಕಿನ ಬಸ್ಸಿಗೆ ಬ್ಯಾಡಗಿ, ಹತ್ತಕ್ಕೆ ರಾಣೆಬೆನ್ನೂರಿನ ಮೂಳೆ ವೈದ್ಯರೊಬ್ಬರ ಕ್ಲಿನಿಕ್, ಸಂಜೆ ಹಾವೇರಿ. ಹಾರ್ಮೋನಿಯಂ ಪೆಟ್ಟಿಗೆಯಷ್ಟಿರುವ ಯಂತ್ರ ಎಲ್ಲೆಡೆ ಅವರ ತೊಡೆಯ ಮೇಲೇ ಪ್ರಯಾಣ ಮಾಡುತ್ತದೆ. ದಿನಕ್ಕೆ ಹದಿನಾಲ್ಕು ಹದಿನೈದು ಜನ. ಭುಜ ಹಿಡಿದ ಹಮಾಲರು, ಹಿಮ್ಮಡಿ ನೋವಿನ ಕಂಡಕ್ಟರುಗಳು, ಮೆಣಸಿನಕಾಯಿ ತೊಟ್ಟು ಮುರಿದು ಮುರಿದು ಮೊಣಕೈ ಸೋತ ಹೆಂಗಸರು. ಪ್ರತಿಯೊಂದು ಪೆಟ್ಟಿನ ನಡುಕ ಹಿಡಿಕೆ ಹಿಡಿದ ಕೈಗೂ ಏರುತ್ತದೆ. ರಾತ್ರಿ ಅಡುಗೆ ಮುಗಿಸಿ ತಮ್ಮ ಮಣಿಕಟ್ಟಿಗೆ ತಾವೇ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಾರೆ.

ಗುತ್ತಲದಲ್ಲಿರುವ ತಾಯಿ ಶೇಖವ್ವ ಕೂಡ ತೊಟ್ಟು ಮುರಿಯುತ್ತಿದ್ದವರೇ. ಮೊಣಕೈ ನೋವು ತಾಳದೆ ಒಮ್ಮೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿಸಿಕೊಂಡರು. ಆಗ ತಾಯಿಯ ಕೈ ಅಲುಗದಂತೆ ಹಿಡಿದುಕೊಳ್ಳುವ ಕೆಲಸ ಹತ್ತು ವರ್ಷದ ಸುಚಿತ್ರಾಳ ಪಾಲಿಗೆ ಬಂತು. "ಆ ವಾಸನಿ ಇನ್ನ ಮೂಗಿನಾಗೈತಿ. ನೋವು ಮಾತ್ರ ಹೋಗಲಿಲ್ಲ." ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಯಂತ್ರ ಹಿಡಿದು ಮನೆಗೆ ಹೋದರೆ, "ಒಮ್ಮೆ ಸುಟ್ಕೊಂಡೇನಿ, ಸಾಕು" ಎಂದು ತಾಯಿ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡರಂತೆ. ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಈಗ ಶೇಖವ್ವ ಮತ್ತೆ ತಾವೇ ರೊಟ್ಟಿ ಬಡಿಯುತ್ತಾರೆ.

ಆದರೆ ಸುಚಿತ್ರಾ ಎಂದೂ ಮರೆಯದ ದಿನ ಬೇರೆಯೇ ಇದೆ. ಕಳೆದ ಜನವರಿಯಲ್ಲಿ ಲಾರಿ ಚಾಲಕ ವೀರೇಂದ್ರ ರಾಣೆಬೆನ್ನೂರಿನ ಕ್ಲಿನಿಕ್ಕಿಗೆ ಕುಂಟುತ್ತ ಬಂದರು. ಅಹಮದಾಬಾದಿಗೆ ಮೆಣಸಿನಕಾಯಿ ಇಳಿಸಿ ಒಂದೇ ಓಟಕ್ಕೆ ತಿರುಗಿ ಬಂದಿದ್ದರು. ಎಡಗಾಲಿನ ಮೀನಖಂಡ ಹಿಡಿದಿತ್ತು. ಮಷಿನ್ ಹಚ್ಚಿಸಿಕೊಂಡು ಸಂಜೆ ಮತ್ತೆ ಹೊರಡುವ ಆತುರ. ಸುಚಿತ್ರಾ ಕಾಲು ಮುಟ್ಟಿ ನೋಡಿದರು. ಬಿಸಿಯಾಗಿತ್ತು. ಟೇಪು ಹಿಡಿದರೆ ಬಲಗಾಲಿಗಿಂತ ಮೂರು ಸೆಂಟಿಮೀಟರ್ ದಪ್ಪ. ಯಂತ್ರ ಬಂದ್ ಮಾಡಿಬಿಟ್ಟರು.

"ಇದಕ್ಕ ಹಚ್ಚಂಗಿಲ್ರಿ. ಈಗಿಂದೀಗ ಹಾವೇರಿಗೆ ಹೋಗಿ ಸ್ಕ್ಯಾನ್ ಮಾಡಸಬೇಕು."

"ಎಲ್ಲಾರಿಗೂ ಹಚ್ಚತೀರಿ, ನನಗ್ಯಾಕ ಇಲ್ಲ? ಗಾಡಿ ಲೋಡ್ ಆಗಿ ನಿಂತೈತ್ರಿ!"

ವೀರೇಂದ್ರ ಕೂಗಾಡಿದರು. ಕಾಯುತ್ತಿದ್ದವರೂ ಗೊಣಗಿದರು. ಆ ದಿನ ವೈದ್ಯರು ಊರಲ್ಲಿರಲಿಲ್ಲ. ಫೋನಿನಲ್ಲಿ ಅವರೂ ತಡ ಮಾಡಬೇಡಿ ಎಂದರು. ಸುಚಿತ್ರಾ ಕ್ಲಿನಿಕ್ಕಿಗೆ ಬೀಗ ಹಾಕಿ, ಕಾರು ಕರೆಸಿ, ಸಿಟ್ಟಿನಲ್ಲಿ ಮುಖ ತಿರುಗಿಸಿ ಕುಳಿತ ವೀರೇಂದ್ರರ ಜೊತೆ ತಾವೇ ಹಾವೇರಿಗೆ ಹೋದರು. "ದಾರಿಯುದ್ದಕ್ಕೂ ಒಂದ ವಿಚಾರ. ನಂದ ತಪ್ಪಾಗಿದ್ರ? ಬಡವನ ದುಡಿಮಿ ಕೆಡಿಸಿದಂಗಾತಲ್ಲ ಅಂತ."

ತಪ್ಪಾಗಿರಲಿಲ್ಲ. ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದು ಕದಲಿ ಶ್ವಾಸಕೋಶಕ್ಕೆ ಹೋಗಿದ್ದರೆ ಜೀವಕ್ಕೇ ಅಪಾಯವಿತ್ತು, ಅಂಥ ಕಾಲಿಗೆ ಪೆಟ್ಟು ಕೊಡಲೇಬಾರದು ಎಂದರು ಅಲ್ಲಿನ ವೈದ್ಯರು. ಚಿಕಿತ್ಸೆ ಸಕಾಲಕ್ಕೆ ಶುರುವಾಯಿತು. "ಅದನ್ನ ಕೇಳಿ ಹೊರಗ ಮೆಟ್ಲ ಮ್ಯಾಲ ಕುಂತೆ. ಖರೇ ಹೇಳತೇನಿ, ಅಷ್ಟ ಹಗರ ನನಗ ಎಂದೂ ಅನಿಸಿದ್ದಿಲ್ಲ."

ಮೂರು ತಿಂಗಳ ನಂತರ ವೀರೇಂದ್ರ ವೈದ್ಯರ ಒಪ್ಪಿಗೆ ಪಡೆದು ಮತ್ತೆ ಸ್ಟೀರಿಂಗ್ ಹಿಡಿದಿದ್ದಾರೆ. ಒಂದು ಕರಾರಿನ ಮೇಲೆ: ಎರಡು ತಾಸಿಗೊಮ್ಮೆ ಗಾಡಿ ನಿಲ್ಲಿಸಿ, ಇಳಿದು ನಡೆಯಬೇಕು.

"ಹನ್ನೊಂದು ವರ್ಷದಾಗ ಭಾಳ ಮಂದಿಗೆ ಮಷಿನ್ ಹಚ್ಚೇನ್ರಿ. ಹೆಮ್ಮಿ ಅನಿಸೋದು ಮಾತ್ರ ಅವತ್ತ ಹಚ್ಚಲಿಲ್ಲಲ್ಲ, ಅದಕ್ಕ," ಎನ್ನುತ್ತ ಸುಚಿತ್ರಾ ಯಂತ್ರದ ವೈರು ಸುತ್ತುತ್ತಾರೆ. ಅಷ್ಟರಲ್ಲಿ ಅವರ ಫೋನು ರಿಂಗಣಿಸುತ್ತದೆ. ಆ ಕಡೆ ಲಾರಿಗಳ ಹಾರ್ನು, ಗಾಳಿಯ ಸದ್ದು.

"ಅಕ್ಕಾರ, ಕೊಲ್ಹಾಪುರ ದಾಟೇನ್ರಿ. ಇಳದು ಗಾಡಿ ಸುತ್ತ ನಡ್ಯಾಕತ್ತೇನಿ."

"ಎಷ್ಟ ಸುತ್ತ ಆತು?"

"ನಾಕು ಆತ್ರಿ."

"ಇನ್ನೆರಡ ಹಾಕಪಾ," ಎನ್ನುತ್ತಾರೆ ಸುಚಿತ್ರಾ. "ನಾ ಎಣಸತೇನಿ."