ಬೇಲಿಯ ಒಳಗಿನ ಬೆಂಚು

ಆಗುವುದೇ ಇಲ್ಲ ಎಂದವರು ನನ್ನ ಸೋದರಮಾವ. ನಮ್ಮೂರ ಹಾಲಿನ ಡೈರಿಗೆ ಅವರೇ ಸೆಕ್ರೆಟರಿ. ಬೆಳಿಗ್ಗೆ ಹಾಲು ಹಾಕಿಸಿಕೊಳ್ಳುತ್ತಾ, ಸಾಲಿನಲ್ಲಿ ನಿಂತ ಅಷ್ಟೂ ಜನಕ್ಕೆ ಕೇಳುವಂತೆ ಹೇಳಿದ್ದರು.

"ಟೆನಿಸ್ಸಾ? ಏನಮ್ಮಿ, ಆ ಬ್ಯಾಟ ಕಣ್ಣಲ್ಲಿ ಕಂಡಿದ್ದೀಯಾ ನೀನು?"

"ಇಲ್ಲ ಮಾವ."

"ಕಾಣ್ದೆ ಇರೋದ ಏಳ್ಕೊಡ್ತೀನಿ ಅಂತ ಕೆಲಸಕ್ಕೆ ಸೇರ್ಕಂಡ್ಯಾ? ಆ ಆಟ ಆಡೋರ ಮನೇಲಿ ನಾಯಿಗೂ ಇಂಗ್ಲೀಸು ಬತ್ತದೆ ಕಣಮ್ಮಿ. ಕಬಡ್ಡಿ ಏಳ್ಕೊಡು, ಖೋ ಖೋ ಏಳ್ಕೊಡು. ಟೆನಿಸ್ ಕೋಚ್ ಆಗೋದು ನಿನ್ನ ಕೈಲಿ ಆಗಾಕಿಲ್ಲ."

ಸಾಲು ನಕ್ಕಿತು. ನನ್ನ ಹಿಂದೆ ಕ್ಯಾನು ಹಿಡಿದು ನಿಂತಿದ್ದ ಅವ್ವ ಮಾತ್ರ ನಗಲಿಲ್ಲ. "ಹಾಲು ಚೆಲ್ತಾ ಅದೆ, ನೋಡ್ಕಂಡು ಉಯ್ಕೊ," ಎಂದಳು ತಮ್ಮನಿಗೆ.

ಮಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಅವ್ವ ಸ್ಕೂಲಿನ ಮೆಟ್ಟಿಲು ಹತ್ತುವುದು ಓಟು ಹಾಕಲಿಕ್ಕೆ ಮಾತ್ರ. ಎರಡು ಹಸು ಕರೆದು, ಚಿನಕುರಳಿಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಬಿ.ಎ. ಮುಗಿಸಿದವಳು ನಾನು. ಆಮೇಲೆ ದೈಹಿಕ ಶಿಕ್ಷಣದ ಪದವಿಯನ್ನೂ ಮಾಡಿದೆ. ನಮ್ಮ ವಂಶದಲ್ಲಿ ಪದವಿ ಅಂತ ಕಂಡದ್ದು ಅದೇ ಮೊದಲು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಆ ಪದವಿಯ ಪುಸ್ತಕದಲ್ಲಿ ಟೆನಿಸ್ಸಿಗೆ ಇದ್ದದ್ದು ಒಂದೇ ಪುಟ, ಅಂಕಣದ ಉದ್ದ ಅಗಲದ ಚಿತ್ರ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಅಷ್ಟೇ.

ಕೆ.ಆರ್. ಪೇಟೆಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಟೆನಿಸ್ ಎಂದದ್ದು ನಾನಲ್ಲ, ಪ್ರಾಂಶುಪಾಲರು. ಅವರು ಕೊಟ್ಟ ಕಾರಣ ಬಹಳ ಪ್ರಾಮಾಣಿಕವಾಗಿತ್ತು. "ಕಬಡ್ಡಿಗೆ ಯೂನಿವರ್ಸಿಟಿಯ ಅರ್ಧ ಕಾಲೇಜು ಬರ್ತವೆ ಕಣಮ್ಮ. ಹೆಣ್ಣುಮಕ್ಕಳ ಟೆನಿಸ್ಸಿಗೆ ಬರೋದು ನಾಲ್ಕೋ ಐದೋ. ಹೋಗಿ ನಿಂತರೆ ಸಾಕು, ಸೆಮಿಫೈನಲ್ಲು!"

ಕಟ್ಟಡದ ಹಿಂದೆ ತುಕ್ಕು ಹಿಡಿದ ಎರಡು ಕಂಬಗಳಿದ್ದವು. ನಡುವೆ ಯಾರೋ ಹುರುಳಿ ಒಣಹಾಕಿದ್ದರು. ಸ್ಟೋರ್ ರೂಮಿನಲ್ಲಿ ಆರು ರ‍್ಯಾಕೆಟ್ಟು, ತಂತಿ ಸರಿಯಿದ್ದವು ಎರಡು. ಒಂದನ್ನು ಕೈಗೆ ತೆಗೆದುಕೊಂಡು ಹೊರಗೆ ಬಂದು ಗೋಡೆಗೆ ಚೆಂಡು ಹೊಡೆದೆ. ಅದು ನಾನು ಅಂದುಕೊಂಡ ಕಡೆಗೆ ಹೋಗದೆ ಕೆಮಿಸ್ಟ್ರಿ ಲ್ಯಾಬಿನ ಕಿಟಕಿಗೆ ಹೋಯಿತು. ಬೈಸಿಕೊಂಡೆ. ಆದರೆ ಮನಸ್ಸಿನಲ್ಲಿ ಉಳಿದದ್ದು ಬೈಗುಳವಲ್ಲ. ಗೋಡೆಯ ಕಡೆಗೇ ಹೊಡೆದದ್ದು ಕಿಟಕಿಗೆ ಯಾಕೆ ಹೋಯಿತು? ಅದನ್ನು ತಿಳಿಯಲು ಸಂಜೆಯವರೆಗೆ ಹೊಡೆದೆ. ಕೆಲಸ ನನಗೆ ಹಿಡಿಸಿದ್ದು ಅವತ್ತೇ.

ನೆಟ್ಟು ಇರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಹೊಳೆ ಪಕ್ಕ ಬಲೆ ಹೆಣೆಯುವ ಒಬ್ಬ ತಾತನ ಹತ್ತಿರ ಹೋದೆ.

"ಯಾವ ಮೀನಿಗೆ ತಾಯಿ?" ಎಂದರು. ಬಲೆಯ ಕಣ್ಣು ಎಷ್ಟಗಲ ಬಿಡಬೇಕು ಎಂದು ಗೊತ್ತಾಗಬೇಕಲ್ಲ.

ನಾನು ಚೆಂಡು ತೆಗೆದು ಕೊಟ್ಟೆ. "ಇದು ತೂರಬಾರದು ತಾತ."

ಅವರು ಒತ್ತಿ ನೋಡಿದರು, ಮೂಸಿ ನೋಡಿದರು. "ಇದು ತೇಲ್ತದೆ. ತೇಲೋದ ಕೈಯಲ್ಲೇ ಇಡೀಬೋದು, ಬಲೆ ಯಾಕೆ?"

ನೆಲದ ಮೇಲಿನ ಆಟ, ಹೆಣ್ಣುಮಕ್ಕಳು ಆಡುವುದು ಎಂದು ವಿವರಿಸಿದೆ. ನಲವತ್ತೆರಡು ಅಡಿ, ನಡುವೆ ಸ್ವಲ್ಪ ಜೋಲಬೇಕು ಎಂದೂ ಹೇಳಿದೆ. "ಜೋಲೋದ ಏಳ್ಬೇಕಾ? ಬಲೆ ಅಂದ್ಮ್ಯಾಕೆ ಜೋಲ್ತದೆ," ಎಂದರು. ಹದಿನೈದು ದಿನಕ್ಕೆ ಕೊಟ್ಟ ಆ ನೆಟ್ಟು ಏಳು ವರ್ಷ ಬಾಳಿತು.

ನೆಲದ ವಿಷಯಕ್ಕೆ ಅವ್ವನೇ ಗುರು. ಬಂದು ನೋಡಿದಳು, ಹಿಮ್ಮಡಿಯಿಂದ ಒಮ್ಮೆ ಗುದ್ದಿದಳು. "ಇದೇನು ಮಹಾ? ರಾಗಿ ಕಣ ಮಾಡ್ದಂಗೆ ಮಾಡೋದು." ನಾನು, ಅವ್ವ, ತಂಡಕ್ಕೆ ಸೇರಿದ ನಾಲ್ಕು ಹುಡುಗಿಯರು ನೆಲ ಕೆತ್ತಿ, ನೀರು ಕುಡಿಸಿ, ಕಲ್ಲಿನ ಗುಂಡು ಎಳೆದು ಗಟ್ಟಿ ಮಾಡಿದೆವು. ಕಣ ಎಂದ ಮೇಲೆ ಸಗಣಿ ಬಗ್ಗಡ ಬಿಡದೆ ಉಂಟೇ? ಅದನ್ನೂ ಸಾರಿಸಿದೆವು. ಬಿಳಿ ಗೆರೆ ಎಳೆದಾಗ ಎಷ್ಟು ಅಂದವಾಗಿ ಕಂಡಿತೆಂದರೆ ಮೇಲೆ ಕಾಲಿಡಲು ಮನಸ್ಸಾಗಲಿಲ್ಲ.

ಆ ನೆಲದ ಮೇಲೆ ಒಂದು ವರ್ಷ ಆಡಿದೆವು. ಚಕ್ಕೆ ಎದ್ದಾಗಲೆಲ್ಲ ಮತ್ತೆ ಬಗ್ಗಡ. ಚೆಂಡು ಹಳದಿ ಬಣ್ಣ ಬಿಟ್ಟು ಪಾಚಿಯ ಬಣ್ಣಕ್ಕೆ ತಿರುಗಿತು. ಪುಟಿಯುತ್ತಿದ್ದದ್ದು ಮಂಡಿಯ ಮಟ್ಟಕ್ಕೆ. ಪೈರು ನಾಟಿ ಮಾಡುವವರಂತೆ ಬಗ್ಗಿ ಬಗ್ಗಿ ಹೊಡೆಯುವುದನ್ನು ನಮ್ಮ ಹುಡುಗಿಯರು ಚೆನ್ನಾಗಿಯೇ ಕಲಿತರು. ಟೆನಿಸ್ ಎಂದರೆ ಇದೇ ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಮೈಸೂರಿನಲ್ಲಿ ಮೊದಲ ಟೂರ್ನಿ. ನೋಡಬೇಕೆಂದು ಅವ್ವನೂ ಬಂದಿದ್ದಳು. ಅಲ್ಲಿನದು ಸಿಮೆಂಟಿನಂಥ ಗಟ್ಟಿ ಅಂಕಣ. ಎದುರಿನವಳು ಹೊಡೆದ ಮೊದಲ ಚೆಂಡು ನೆಲಕ್ಕೆ ಬಿದ್ದು ಎದೆ ಮಟ್ಟಕ್ಕೆ ಎಗರಿತು. ನಮ್ಮ ಹುಡುಗಿ ಬಗ್ಗಿಯೇ ನಿಂತಿದ್ದಳು, ಚೆಂಡು ಅವಳ ತಲೆಯ ಮೇಲಿಂದ ಹೋಯಿತು. ಎರಡನೆಯದೂ ಹಾಗೆ. ಬದಿ ಬದಲಾಯಿಸುವಾಗ ಅವಳು ತಂತಿ ಬೇಲಿಯ ಹತ್ತಿರ ಓಡಿಬಂದಳು.

"ಮೇಡಂ, ಯಾಕಿಂಗೆ ಎಗರ್ತದೆ ಇದು? ಏನ್ ಮಾಡ್ಲಿ ಮೇಡಂ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿಯೊಬ್ಬರು ಬಂದರು. "ನಿಮ್ಮತ್ರ ಕೋಚಿಂಗ್ ಸರ್ಟಿಫಿಕೇಟ್ ಇದೆಯಾ ಮೇಡಂ? ಇದ್ದರೆ ಒಳಗೆ ಬಂದು ಬೆಂಚಿನಲ್ಲಿ ಕೂತು ಹೇಳಿಕೊಡಿ. ಇಲ್ಲದಿದ್ದರೆ ಹೊರಗೆ. ಹೊರಗಿದ್ದವರು ಮಾತಾಡೋ ಹಾಗಿಲ್ಲ."

ಹುಡುಗಿ ನನ್ನ ಮುಖವನ್ನೇ ನೋಡುತ್ತಾ ಹಿಂದೆ ಹಿಂದೆ ನಡೆದು ಹೋದಳು. ಒಂದೂ ಗೇಮು ಸಿಗದೆ ಸೋತೆವು. ಹೊಂಗೆ ಮರದ ಕೆಳಗೆ ಕುಳಿತಿದ್ದ ಅವ್ವ ಕೇಳಿದಳು, "ಆ ಮಗ ಬಂದು ಕೇಳ್ತು, ನೀನ್ಯಾಕೆ ಸುಮ್ಕಿದ್ದೆ?"

"ನಂಗೆ ಪರ್ಮಿಶನ್ ಇಲ್ಲ ಕಣವ್ವ."

"ಏಳ್ಕೊಟ್ಟೋಳು ನೀನು. ಪರ್ಮಿಸನ್ ಇನ್ಯಾರ್ದು?"

ಅವ್ವನಿಗೆ ಹೇಳದ ಇನ್ನೊಂದು ಮಾತಿತ್ತು. ಪರ್ಮಿಶನ್ ಇದ್ದಿದ್ದರೂ ಆ ಹುಡುಗಿಗೆ ಏನು ಉತ್ತರ ಕೊಡಬೇಕೆಂದು ನನಗೆ ಗೊತ್ತಿರಲಿಲ್ಲ. ಯಾಕೆ ಎಗರುತ್ತದೆ ಎಂದು ತಿಳಿಯಬೇಕು, ತಿಳಿದ ಮೇಲೆ ಆ ಬೆಂಚಿನಲ್ಲಿ ಕುಳಿತು ಹೇಳಬೇಕು. ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಬೇಕೆನಿಸಿದ್ದು ಇವೆರಡೇ.

ಅಂದಿನಿಂದ ನನ್ನ ಚೀಲದಲ್ಲಿ ಒಂದು ಚೆಂಡು, ಒಂದು ನೋಟ್‌ಬುಕ್ಕು. ಹೋದ ಕಡೆಯಲ್ಲೆಲ್ಲ ತಲೆಯ ಎತ್ತರದಿಂದ ಚೆಂಡು ಬಿಟ್ಟು, ನನ್ನ ಮೈಯನ್ನೇ ಅಳತೆಗೋಲು ಮಾಡಿಕೊಂಡು ಬರೆದುಕೊಳ್ಳುತ್ತಿದ್ದೆ. ಶ್ರೀರಂಗಪಟ್ಟಣ, ಹೊಳೆಯ ಮರಳು: ಪಾದ. ಅಲ್ಲೇ ಸೋಪಾನದ ಕಲ್ಲು: ಸೊಂಟ. ನಾಗಮಂಗಲ, ನೆಂಟರ ಮನೆ ಹಿಂದಿನ ಕೆಂಪು ಗರಸು: ನಡುತೊಡೆ. ಪಾಂಡವಪುರ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟ ಚೆಂಡು ಬಸ್ಸಿನಡಿಗೆ ಉರುಳಿ ಹೋಯಿತು. ಕಂಡಕ್ಟರು ಬಗ್ಗಿ ತೆಗೆದುಕೊಟ್ಟು, "ಮಗೀಗಾ ಅಕ್ಕಾ?" ಎಂದ. "ನಂಗೇ," ಎಂದೆ. ಆಮೇಲೆ ಅವನು ನನಗೆ ಟಿಕೆಟ್ ಕೊಡುವಾಗೆಲ್ಲ ಚೀಲದ ಕಡೆ ಒಮ್ಮೆ ನೋಡುತ್ತಿದ್ದ. ಹೊಸಹೊಳಲಿನ ದೇವಸ್ಥಾನದ ಜಗಲಿಯ ಮೇಲೆ ಬಿಟ್ಟದ್ದಕ್ಕೆ ಕಾವಲಿನವರು ಗದರಿದರು. ಏನು ಮಾಡುತ್ತಿದ್ದೇನೆಂದು ವಿವರಿಸಿದ ಮೇಲೆ ಅವರಿಗೇ ಕುತೂಹಲ ಹತ್ತಿ, "ಸರಿ, ಆ ಕೆಳಗಡೆ ಮಣ್ಣಲ್ಲೂ ಒಂದ್ಸಲ ಬುಡಿ ನೋಡಮ," ಎಂದರು.

ಎತ್ತರ ಒಂದೇ ಅಲ್ಲ, ಚೆಂಡು ನೆಲ ಮುಟ್ಟಿದ ಮೇಲೆ ನಿಧಾನವಾಗುತ್ತದೋ ಜಾರುತ್ತದೋ ಎನ್ನುವುದು ಬೇರೆಯೇ ಲೆಕ್ಕ ಎಂದು ತಿಳಿಯಲು ಇನ್ನೊಂದು ವರ್ಷ ಹಿಡಿಯಿತು. ನಮ್ಮ ಚೆಂಡನ್ನು ಏಳಗೊಡದೆ ಹಿಡಿದಿಡುತ್ತಿದ್ದದ್ದು ಸಗಣಿ ಬಗ್ಗಡ. ಅವ್ವನಿಗೆ ಬೇಜಾರಾದರೂ ಅದನ್ನೆಲ್ಲ ಕೆರೆದು ತೆಗೆದೆವು. ಕೆಮ್ಮಣ್ಣಿಗೆ ಚಿನಕುರಳಿ ಕಡೆಯ ಕ್ರಷರಿನ ಕಲ್ಲುಪುಡಿ ಜರಡಿ ಹಿಡಿದು ಬೆರೆಸಿ ಹೊಸ ನೆಲ ಮಾಡಿದೆವು. ಗಟ್ಟಿ ಅಂಕಣದ ಅಭ್ಯಾಸಕ್ಕೆ ಪೇಟೆಯ ಅಕ್ಕಿ ಗಿರಣಿಯ ಸಿಮೆಂಟು ಅಂಗಳ ಕೇಳಿದೆ. "ಭತ್ತ ಇಲ್ದಾಗ ಆಡ್ಕಳಿ. ಭತ್ತ ಅರವಿದ್ದಾಗ ಚೆಂಡು ಬಿತ್ತೋ, ನಂದೇ ಅದು," ಎಂದರು ಯಜಮಾನರು. ಅವರ ಬಳಿ ಇಂದಿಗೂ ನಮ್ಮ ಎಷ್ಟೋ ಚೆಂಡುಗಳಿವೆ.

ಮೂರನೇ ವರ್ಷ ಫೈನಲ್ ಆಡಿ ಸೋತೆವು. ನಾಲ್ಕನೇ ವರ್ಷ ಗೆದ್ದೆವು. ಆಮೇಲೆ ಗೆಲ್ಲುವುದು ರೂಢಿಯಾಯಿತು. ಬರುವ ತಂಡಗಳೂ ನಾಲ್ಕೈದರಲ್ಲೇ ನಿಲ್ಲದೆ ಹೆಚ್ಚಿದವು, ಹಾಗಾಗಿ ಅದು ಬಿಟ್ಟಿ ಗೆಲುವಲ್ಲ. ನನ್ನ ಹುಡುಗಿಯರು ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾದರು, ಇಬ್ಬರು ಈಗ ಪೊಲೀಸ್ ಇಲಾಖೆಯಲ್ಲಿದ್ದಾರೆ. ಯಶಸ್ವಿ ಕೋಚ್ ಎಂದು ಪೇಟೆಯಲ್ಲಿ ಬ್ಯಾನರ್ ಕೂಡ ಕಟ್ಟಿದರು. ಆದರೆ ಅಷ್ಟೂ ವರ್ಷ ನಾನು ಬೇಲಿಯ ಹೊರಗೇ. ಕೆಮ್ಮಿದರೂ ಅಂಪೈರ್ ತಿರುಗಿ ನೋಡುತ್ತಿದ್ದರು. ನಮ್ಮ ಬೆಂಚು ಖಾಲಿ. ಹುಡುಗಿಯರು ಬೆವರು ಒರೆಸಿಕೊಂಡು, ನೀರು ಕುಡಿದು, ಆ ಖಾಲಿ ಜಾಗದ ಪಕ್ಕ ಕುಳಿತು ಎದ್ದು ಹೋಗುವರು. ಗೆಲ್ಲಬಹುದಾಗಿದ್ದ ಎಷ್ಟೋ ಆಟ ಒಂದೇ ಒಂದು ಮಾತಿಲ್ಲದೆ ಕೈತಪ್ಪಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಫೀಸಿನ ದುಡ್ಡು ಕೂಡಿಸಿಕೊಂಡು ಕೊನೆಗೂ ಸರ್ಟಿಫಿಕೇಟಿನ ತರಬೇತಿಗೆ ಬೆಂಗಳೂರಿಗೆ ಹೋದಾಗ ನಾನೇ ಎಲ್ಲರಿಗಿಂತ ಹಿರಿಯಳು. ಉಳಿದವರು ಚಿಕ್ಕಂದಿನಿಂದ ಆಡಿದವರು. ಅರ್ಜಿಯಲ್ಲಿ 'ಆಡಿದ ಮಟ್ಟ' ಎಂಬ ಕಡೆ ನಾನು ಏನೂ ಬರೆಯಲಿಲ್ಲ. ಕಲಿಸುವ ಪರೀಕ್ಷೆಯಲ್ಲಿ ಪಾಸಾದೆ, ಸರ್ವ್ ಮಾಡುವ ಪರೀಕ್ಷೆಯಲ್ಲಿ ಫೇಲಾದೆ. ಹತ್ತು ಚೆಂಡಿನಲ್ಲಿ ಒಳಗೆ ಬಿದ್ದದ್ದು ನಾಲ್ಕು. ಡೈರಿಯಲ್ಲಿ ಮಾವ ಎಲ್ಲರಿಗೂ ಸಾರಿದರು, "ನಾನು ಮದ್ಲೇ ಏಳಿರ್ಲಿಲ್ವಾ?"

ಒಂದು ವರ್ಷ ದಿನಾ ಬೆಳಿಗ್ಗೆ ಒಂದು ಬುಟ್ಟಿ ಚೆಂಡು ಸರ್ವ್ ಮಾಡಿದೆ. ತಿದ್ದುವವರು ನನ್ನ ಹುಡುಗಿಯರೇ. ನಾನು ಅವರಿಗೆ ಬೈಯುತ್ತಿದ್ದ ಮಾತುಗಳೆಲ್ಲ ಒಂದೂ ಬಿಡದೆ ವಾಪಸ್ಸು ಬಂದವು. "ಮೇಡಂ, ಮೊಣಕೈ ಮಲಗ್ತಾ ಅದೆ!" "ಮೇಡಂ, ತಿಂಡಿ ತಿಂದಿಲ್ವಾ?" ಒಬ್ಬಳು ಮೊಬೈಲಿನಲ್ಲಿ ಹಿಡಿದು ನಿಧಾನಕ್ಕೆ ಓಡಿಸಿ ತೋರಿಸಿದಳು. ರ‍್ಯಾಕೆಟ್ಟು ಚೆಂಡಿಗೆ ತಾಗುವ ಮೊದಲೇ ನನ್ನ ತಲೆ ಕೆಳಗಿಳಿಯುತ್ತಿತ್ತು. ಯಾಕೆ? ಬಹಳ ದಿನ ಯೋಚಿಸಿದೆ. ಚೆಂಡು ಎಲ್ಲಿ ಬೀಳುತ್ತದೋ ಎಂಬ ಆತುರಕ್ಕೆ, ಹೊಡೆಯುವ ಮೊದಲೇ ಅಲ್ಲಿಗೆ ನೋಡಿಬಿಡುತ್ತಿದ್ದೆ. ಅದನ್ನು ಬಿಡಲು ನಾಲ್ಕು ತಿಂಗಳಾಯಿತು.

ಎರಡನೇ ಸಲ ಹತ್ತರಲ್ಲಿ ಎಂಟು ಬಿದ್ದವು. ಉಳಿದದ್ದು ಬಾಯಿಪರೀಕ್ಷೆ. ಹೊಸ ಅಂಕಣಕ್ಕೆ ಹೋದಾಗ ಆಟಗಾರ್ತಿಗೆ ಮೊದಲು ಏನು ಕಲಿಸುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಶ್ನೆ ತಿಳಿಯಿತು, ಇಂಗ್ಲಿಷಿನಲ್ಲಿ ಉತ್ತರ ಹೊರಡಲಿಲ್ಲ. ಕನ್ನಡದಲ್ಲೇ ಹೇಳಿದೆ: ಮೊದಲು ಏನೂ ಕಲಿಸುವುದಿಲ್ಲ, ಚೆಂಡು ಬಿಟ್ಟು ನೋಡು ಎನ್ನುತ್ತೇನೆ. ಹಿರಿಯ ಪರೀಕ್ಷಕರಿಗೆ ಕನ್ನಡ ಬರುತ್ತಿತ್ತು. ನಾನು ಕೊಟ್ಟ ನೋಟ್‌ಬುಕ್ಕನ್ನು ತಿರುವುತ್ತಾ ಕೇಳಿದರು, "ಇದೇನ್ರೀ ಇದು, 'ಹೊಸಹೊಳಲು: ಸೊಂಟ'?" ವಿವರಿಸಿದೆ. ಅವರು ನಗಲಿಲ್ಲ. ಪಕ್ಕದವರಿಗೆ ಇಂಗ್ಲಿಷಿನಲ್ಲಿ ಹೇಳಿದರು, ಅವರೂ ನಗಲಿಲ್ಲ. ಇನ್ನೊಂದು ಹಾಳೆ ತಿರುವಿದರು. ಕಾಲು ಗಂಟೆಯ ಪರೀಕ್ಷೆ ಮುಕ್ಕಾಲು ಗಂಟೆ ನಡೆಯಿತು.

ಸರ್ಟಿಫಿಕೇಟ್ ಕೊಡುವ ದಿನ ಅವ್ವ ಹಟ ಹಿಡಿದು ಬೆಂಗಳೂರಿಗೆ ಬಂದಳು. ನನ್ನ ಹೆಸರು ಕೂಗಿದರು, ಹೋಗಿ ಎರಡೂ ಕೈಯಲ್ಲಿ ತೆಗೆದುಕೊಂಡು ಬಂದೆ. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಈಸಿಕೊಂಡಳು. ಅಕ್ಷರ ಬಾರದವಳು, ಮೊಹರು ನೋಡಿದಳು, ಮೂಲೆಯಲ್ಲಿದ್ದ ನನ್ನ ಫೋಟೋ ನೋಡಿದಳು.

"ಇನ್ಮ್ಯಾಕೆ ಬೇಲಿ ಒಳೀಕೆ ಬುಡ್ತಾರಾ?"

"ಬುಡ್ತಾರೆ ಕಣವ್ವ."

"ಮಾತಾಡ್ಬೋದಾ?"

"ಆಡ್ಬೋದು."

ಅವ್ವ ಅದನ್ನು ಮಡಿಸದೆ ಹುಷಾರಾಗಿ ನನ್ನ ಕೈಗೆ ಕೊಟ್ಟಳು.

"ಅಂಗಾದ್ರೆ ಒಂದು ಛತ್ರಿ ತಕ್ಕಂಡೋಗವ್ವ. ಆ ಬೆಂಚಿನ ತಾವ ನೆರಳಿಲ್ಲ, ನಾನು ನೋಡಿವ್ನಿ."